ಅದ್ರಾಮಾಕ ಮೆಚ್ಚಿದ್ದ ಇಂಡಿಕೇಟರ್

ಗಾಳಿ ಹಾಕುವ ಪಂಪು ಹುಡುಕಲು ಹೋದರೆ ನಿನ್ನೆ ಹಳೆ ಡಬ್ಬವೊಂದರಲ್ಲಿ ನನ್ನ ಬೈಕಿನ ಮೊದಲಿನ ಇಂಡಿಕೇಟರುಗಳು ಸಿಕ್ಕಿದವು. ನಾಲ್ಕರಲ್ಲಿ ಒಂದಕ್ಕೆ ಬಿಳಿ ಟೇಪು ಸುತ್ತಿದೆ. ಎಮ್ಮೆಯ ಕಿವಿ ಎಂದು ಶಾಲೆಯಲ್ಲಿ ಎಲ್ಲರೂ ನಗುತ್ತಿದ್ದದ್ದು ಇವನ್ನೇ. ನಮ್ಮ ಶಾಲೆಯಿರುವ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಬಳಿ ಬೈಕು ನಿಲ್ಲಿಸಿದರೆ ಸಂಜೆಯೊಳಗೆ ಯಾರದಾದರೂ ಹ್ಯಾಂಡಲು ತಾಗಿ ಒಂದು ಕಿವಿ ಜೋತುಬಿದ್ದಿರುತ್ತಿತ್ತು. ಪಾಠ ಮಾಡುವುದಕ್ಕಿಂತ ಟೇಪು ಸುತ್ತುವುದರಲ್ಲೇ ನನ್ನ ಕೈ ಹೆಚ್ಚು ಪಳಗಿತ್ತು.

ಈ ದೀಪಗಳನ್ನು ಮೆಚ್ಚಿದವರು ಒಬ್ಬರೇ, ನರಿಕೊಂಬಿನ ನಮ್ಮ ತಿರುವಿನಲ್ಲಿ ಅಂಗಡಿ ಇಟ್ಟಿದ್ದ ಅದ್ರಾಮಾಕ. ದುಬೈಯಲ್ಲಿ ಬಹಳ ವರ್ಷ ಲಾರಿ ಓಡಿಸಿ ಬಂದವರ ಕಣ್ಣನ್ನು ಸಕ್ಕರೆ ಕಾಯಿಲೆ ಮಸುಕು ಮಾಡಿತ್ತು. ಮುಖ ಕಾಣುತ್ತಿರಲಿಲ್ಲ, ಬೆಳಕು ಮಾತ್ರ ತಿಳಿಯುತ್ತಿತ್ತು. ನನ್ನ ದೊಡ್ಡ ಹಳದಿ ದೀಪ ತಿರುವಿನಲ್ಲಿ ಮಿಣುಕಿದ್ದೇ ತಡ, ಒಳಗಿನಿಂದ ಕೂಗು: "ಬನ್ನಿ ಮಾಷ್ಟ್ರೇ, ಪೇಪರ್ ಇಟ್ಟಿದ್ದೇನೆ!"

ಪೇಪರನ್ನು ನಾನೇ ಓದಿ ಹೇಳಬೇಕು. ಬೇರೆಯವರು ಅರ್ಧ ನುಂಗಿ ಓದುತ್ತಾರಂತೆ. ಮೊದಲು ಮರಣವಾರ್ತೆ, ಆಮೇಲೆ ಗಲ್ಫಿನ ಸುದ್ದಿ, ಕೊನೆಗೆ 'ವಧು ಬೇಕಾಗಿದ್ದಾಳೆ' ಜಾಹೀರಾತು. "ಮದುವೆ ಯಾರಿಗೆ?" ಎಂದು ಕೆಣಕಿದರೆ, "ಯಾರಿಗಾದ್ರೂ ಆಗ್ಲಿ ಮಾರಾಯ್ರೆ, ಒಳ್ಳೇದೇ ಅಲ್ವಾ?" ಎನ್ನುತ್ತಿದ್ದರು.

ಟೇಪು ಸುತ್ತಿ ಸುತ್ತಿ ಬೇಸತ್ತು ಕಳೆದ ವರ್ಷ ಬೆರಳುದ್ದದ ಎಲ್‌ಇಡಿ ಇಂಡಿಕೇಟರ್ ಹಾಕಿಸಿದೆ. ಮೊದಲು ಹುಚ್ಚು ಹಿಡಿದಂತೆ ಪಟಪಟ ಮಿಣುಕಿದವು. ದೀಪ ಮಿಣುಕಿಸುವ ಫ್ಲ್ಯಾಶರನ್ನೂ ಮೆಕ್ಯಾನಿಕ್ ಬದಲಿಸಿದ ಮೇಲೆ ದಾರಿಗೆ ಬಂದವು, ಹಳೆಯ ಟಿಕ್ ಟಿಕ್ ಸದ್ದೂ ನಿಂತಿತು. ಆ ಸಂಜೆ ತಿರುವಿನಲ್ಲಿ ಕೂಗು ಬರಲಿಲ್ಲ. ಅದ್ರಾಮಾಕ ನನ್ನ ಕಡೆಗೇ ಮುಖ ಮಾಡಿ ಕುಳಿತಿದ್ದರು, ಗುರುತು ಸಿಕ್ಕಿರಲಿಲ್ಲ. ಮನೆಗೆ ನೆಂಟರು ಬರುವವರಿದ್ದರು. ನಿಮ್ಮಲ್ಲಿ ಮುಚ್ಚಿಡುವುದೇನು, ನನಗೆ ಹಾಯೆನಿಸಿತು. ಮೆಲ್ಲನೆ ದಾಟಿಬಿಟ್ಟೆ.

ಮರುದಿನ ತಿದ್ದಲು ಉತ್ತರಪತ್ರಿಕೆಗಳ ಕಟ್ಟಿತ್ತು. ಅದರ ಮರುದಿನ, ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳಿಯಾರೆಂಬ ಸಂಕೋಚ. ತಡವಾಗಿ ಬಂದ ಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸಿ ಕಾರಣ ಕೇಳುವ ಮಾಷ್ಟ್ರು ನಾನು! ಹೀಗೆ ಎರಡು ವಾರ ಕಳೆಯಿತು. ಒಂದು ಸಂಜೆ ನೋಡಿದರೆ ಅಂಗಡಿ ಮುಚ್ಚಿತ್ತು, ಹಿಂದಿನ ಅವರ ಮನೆಯಂಗಳದ ತುಂಬ ಚಪ್ಪಲಿಗಳು. ಬೆಳಿಗ್ಗೆ ಎದೆನೋವು ಬಂದಿತ್ತಂತೆ. ದಫನವೂ ಮುಗಿದಿತ್ತು.

ನಾಲ್ಕು ದಿನ ಬಿಟ್ಟು ಹೋದಾಗ ಅವರ ಹೆಂಡತಿ ಐಸಮ್ಮ ಒಳಗಿನಿಂದ ಪೇಪರಿನ ಕಟ್ಟು ತಂದಿಟ್ಟರು. ಒಂದರ ಮಡಿಕೆಯೂ ಬಿಚ್ಚಿರಲಿಲ್ಲ.

"ನೀವು ಬರುವಾಗ ಓದಿಸ್ಲಿಕ್ಕೆ ಅಂತ ಇಟ್ಟದ್ದು. ಮಾಷ್ಟ್ರಿಗೆ ಹುಷಾರಿಲ್ವೋ ಏನೋ ಅಂತ ದಿನಾ ದುವಾ ಮಾಡ್ತಿದ್ರು. ಈಗ ಹೇಗುಂಟು?"

"ಜ್ವರ ಇತ್ತು. ಈಗ ಅಡ್ಡಿಲ್ಲ," ಎಂದುಬಿಟ್ಟೆ.

ಇವತ್ತು ಹಳೆಯ ದೀಪಗಳನ್ನೇ ಮತ್ತೆ ಹಾಕಿಸಿದೆ, ಫ್ಲ್ಯಾಶರನ್ನೂ.

"ಇದು ಲಾಯ್ಕ ಉಂಟಲ್ಲ ಸರ್, ಯಾಕೆ ತೆಗೆಯುವುದು?" ಎಂದು ಮೆಕ್ಯಾನಿಕ್ ಕೇಳಿದ.

"ಕಾಣುವುದಿಲ್ಲ ಮಾರಾಯ."

"ಯಾರಿಗೆ ಸರ್?"

ದುಡ್ಡು ಕೊಟ್ಟು ಹೊರಟೆ. ಸಂಜೆ ತಿರುವಿನಲ್ಲಿ ಇಂಡಿಕೇಟರ್ ಹಾಕಿದೆ. ಮುಚ್ಚಿದ ಅಂಗಡಿಯ ಪಕ್ಕದ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಐಸಮ್ಮ ಆ ಬೆಳಕಿಗೆ ತಟ್ಟನೆ ತಲೆಯೆತ್ತಿದರು. "ಮಾಷ್ಟ್ರಾ?"

ಇಳಿದು ಹತ್ತಿರ ಹೋದೆ.

"ಐಸಮ್ಮ, ಆಗ ನನಗೆ ಜ್ವರ ಇರಲಿಲ್ಲ."

ಅವರ ಕೈ ನಿಂತಿತು. ಬೈಕಿನ ಕೀ ತಿರುಗಿಸಿ ಆರಿಸಲು ಮರೆತಿದ್ದೆ. ಬೆನ್ನ ಹಿಂದೆ ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು.