ಸೂಪು ಆರುವ ಹೊತ್ತು

ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಆಸ್ಪತ್ರೆಯ ಅಡುಗೆಮನೆಯಲ್ಲಿ ಎಲ್ಲರ ಬಾಯಲ್ಲೂ ಅವನು ಮುಚ್ಚಳದಣ್ಣ. ಯಾವ ಪಾತ್ರೆಯಾದರೂ ಒಂದು ಗಳಿಗೆ ಬಾಯಿ ತೆರೆದು ಕೂತಿದ್ದರೆ ಅವನ ಜೀವ ತಡೆಯುತ್ತಿರಲಿಲ್ಲ. ಒಲೆಯಿಂದ ಇಳಿಸಿದ ಕೂಡಲೇ ಮುಚ್ಚಳ, ಅದರ ಮೇಲೆ ಒಗೆದ ಬಿಳಿ ಬಟ್ಟೆ, ಬಟ್ಟೆ ಜಾರದ ಹಾಗೆ ಸುತ್ತಲೂ ಒಂದು ದಾರ. ನೊಣವಿರಲಿ, ನೊಣದ ನೆರಳೂ ಒಳಗೆ ಬೀಳಬಾರದು. ಹೊಸಬರು ಮೊದಲ ದಿನವೇ ಅವನಿಂದ ಬೈಸಿಕೊಳ್ಳುತ್ತಿದ್ದರು, ಅವನು ಅತ್ತ ಹೋದಮೇಲೆ ಅವನ ಹಾಗೇ ಸೊಂಟಕ್ಕೆ ಕೈಯಿಟ್ಟು ನಿಂತು ತೋರಿಸಿ ನಗುತ್ತಿದ್ದರು. ಇಪ್ಪತ್ತೇಳು ವರ್ಷ ಹೀಗೇ ನಡೆಯಿತು. ಶುಚಿಯಲ್ಲಿ ಅವನದು ಎತ್ತಿದ ಕೈ ಎಂದು ಡಾಕ್ಟರುಗಳೇ ಒಪ್ಪುತ್ತಿದ್ದರು. ಅವನಂತೂ ಯಾವತ್ತೋ ಒಪ್ಪಿಯಾಗಿತ್ತು.

ಐವತ್ತಮೂರನೇ ವಯಸ್ಸಿಗೆ ಅವನಿಗೆ ಓದುವ ಗ್ರಹಚಾರ ವಕ್ಕರಿಸಿತು. ಇನ್ನು ಮುಂದೆ ಅಡುಗೆಮನೆಯ ಮುಖ್ಯಸ್ಥರಿಗೆ ಆಹಾರ ಸುರಕ್ಷತಾ ನಿರ್ವಹಣೆಯ ಸರ್ಟಿಫಿಕೇಟು ಇರಲೇಬೇಕು, ಇಲ್ಲವಾದರೆ ಇರುವವರನ್ನು ತಂದು ಕೂರಿಸುತ್ತೇವೆ ಎಂದು ಮ್ಯಾನೇಜರು ನಯವಾಗಿಯೇ ಹೇಳಿದರು. ನಾಲ್ಕು ತಿಂಗಳು ಶನಿವಾರ ಮಧ್ಯಾಹ್ನ ಕ್ಲಾಸು. ಕೊನೆಗೊಂದು ಬರೆಯುವ ಪರೀಕ್ಷೆ, ಒಂದು ಪ್ರಾಜೆಕ್ಟು, ಅದರ ಮೇಲೆ ಎದುರು ಕೂರಿಸಿಕೊಂಡು ಕೇಳುವ ಪ್ರಶ್ನೆಗಳು. ಹತ್ತನೇ ಕ್ಲಾಸು ದಾಟದವನಿಗೆ ಆ ಪುಸ್ತಕ ಕಬ್ಬಿಣದ ಕಡಲೆ. ಮೊದಲ ದಿನ ಪಾಠದ ಮೇಡಂ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ನೀವು ಯಾರ ತಂದೆ ಎಂದು ವಿಚಾರಿಸಿದರು. ಮನೆಯಲ್ಲಿ ಹೆಂಡತಿ, ಪುಸ್ತಕ ಹಿಡಿದು ತೂಕಡಿಸುವ ಗಂಡನ ತಲೆಯ ಮೇಲೆ ಒಂದು ತಟ್ಟೆ ಮುಚ್ಚಿ, ಓದಿದ್ದು ಆವಿಯಾಗಿ ಹೋಗದಿರಲಿ ಎಂದು ಮಕ್ಕಳನ್ನು ನಗಿಸಿದಳು. ಅವನೂ ನಕ್ಕ. ಆ ಓದಿನಿಂದ ಆ ಮನೆಯಲ್ಲಿ ಎದ್ದ ನಗು ಅದೇ ಕೊನೆಯದು.

ಒಂಬತ್ತನೇ ಪಾಠದಲ್ಲಿ ಒಂದು ಕೋಷ್ಟಕವಿತ್ತು. ಯಾವ ಆಹಾರ ಕೆಟ್ಟರೆ ಎಷ್ಟು ಹೊತ್ತಿಗೆ ಏನಾಗುತ್ತದೆ ಎಂಬ ಲೆಕ್ಕ. ಕೈಯ ಗಾಯದಿಂದ ಆಹಾರಕ್ಕೆ ವಿಷ ಸೇರಿದ್ದರೆ ತಿಂದ ಎರಡು ಮೂರು ಗಂಟೆಯಲ್ಲೇ ವಾಂತಿ ಶುರುವಾಗುತ್ತದೆ. ದೊಡ್ಡ ಪಾತ್ರೆಯಲ್ಲಿ ಬೇಯಿಸಿದ ಮಾಂಸದ ಅಡುಗೆ ನಿಧಾನವಾಗಿ ಆರುತ್ತಾ ಕೆಟ್ಟಿದ್ದರೆ ಎಂಟರಿಂದ ಹದಿನಾರು ಗಂಟೆ ಬೇಕು, ಹೊಟ್ಟೆ ಹಿಂಡುತ್ತದೆ, ಭೇದಿಯಾಗುತ್ತದೆ, ವಾಂತಿ ಸಾಮಾನ್ಯವಾಗಿ ಇರುವುದಿಲ್ಲ. ಕುದಿಸಿದರೂ ಸಾಯದ ಒಂದು ಜಾತಿಯ ರೋಗಾಣುವಿನ ಬೀಜ ಮಾಂಸದಲ್ಲಿ ಉಳಿದಿರುತ್ತದಂತೆ. ಬೆಚ್ಚಗಿರುವ, ಮುಚ್ಚಿದ, ಗಾಳಿಯಾಡದ ಜಾಗ ಸಿಕ್ಕರೆ ಅದು ಮೊಳೆತು ಹಬ್ಬುತ್ತದಂತೆ. ಅವನು ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದ.

ಹನ್ನೊಂದು ವರ್ಷದ ಹಿಂದಿನ ಮಾತು. ಹೆಂಡತಿಯ ತಂಗಿಗೆ ಅದೇ ಅಡುಗೆಮನೆಯಲ್ಲಿ ಅವನೇ ಕೆಲಸ ಕೊಡಿಸಿದ್ದ. ತರಕಾರಿ ಹೆಚ್ಚುವುದು, ಬೆಂದ ಕೋಳಿಯನ್ನು ಮೂಳೆಯಿಂದ ಬಿಡಿಸುವುದು ಅವಳ ಪಾಲಿನ ಕೆಲಸ. ಮಾತು ಕಡಿಮೆ, ಕೈ ಚುರುಕು. ಒಂದು ಸಂಜೆ ಅರವತ್ತು ಲೀಟರಿನ ಪಾತ್ರೆಯಲ್ಲಿ ಕೋಳಿಯ ಗಟ್ಟಿ ಸೂಪು ಮಾಡಿ, ಮುಚ್ಚಳ ಹಾಕಿ, ಬಟ್ಟೆ ಕಟ್ಟಿ, ಕಲ್ಲುಕಟ್ಟೆಯ ಮೇಲೆ ಬೆಳಗಿನವರೆಗೆ ಬಿಟ್ಟಿದ್ದರು. ಮರುದಿನ ಮಧ್ಯಾಹ್ನ, ರೋಗಿಗಳ ನಾಲಿಗೆ ಸುಡದಷ್ಟು ಬೆಚ್ಚಗೆ ಮಾಡಿ ಬಡಿಸಿದರು. ಅವತ್ತು ಕತ್ತಲಾದ ಮೇಲೆ ಜನರಲ್ ವಾರ್ಡಿನ ಒಂಬತ್ತು ಜನ ಹೊಟ್ಟೆ ಹಿಡಿದುಕೊಂಡರು. ಎಂಟು ಜನ ಸುಧಾರಿಸಿಕೊಂಡರು. ಆಪರೇಷನ್ ಆಗಿ ಇನ್ನೂ ಎದ್ದು ಕೂರದಿದ್ದ ಒಬ್ಬ ಮುದುಕ, ಜೀವನವಿಡೀ ಬಟ್ಟೆ ಹೊಲಿದು ಬೆನ್ನು ಬಾಗಿದ್ದ ದರ್ಜಿ, ಮೂರನೇ ದಿನ ತೀರಿಕೊಂಡ.

ವಿಚಾರಣೆಗೆ ಮೂವರು ಬಂದರು. ಸೂಪನ್ನು ಯಾರು ಯಾರು ಮುಟ್ಟಿದ್ದರು ಎಂದು ಕೇಳಿದರು. ಮುಚ್ಚಳದಣ್ಣ ಎದ್ದುನಿಂತು, ಮಾಂಸ ಬಿಡಿಸಿದ್ದು ನನ್ನ ನಾದಿನಿ, ಅವಳ ಹೆಬ್ಬೆರಳಿಗೆ ಚಾಕು ತಾಗಿ ಗಾಯವಾಗಿತ್ತು, ಬಟ್ಟೆ ಸುತ್ತಿಕೊಂಡಿದ್ದಳು ಎಂದ. ಸುಳ್ಳೇನಲ್ಲ. ಅವನು ಮನಸಾರೆ ನಂಬಿಯೇ ಹೇಳಿದ. ಸ್ವಂತ ಸಂಬಂಧವೆಂದು ಮುಚ್ಚಿಡಲಿಲ್ಲ ಎಂದು ಆ ಮೂವರು ಅವನ ಬೆನ್ನು ತಟ್ಟಿದರು. ಮೂವರೂ ಓದಿಕೊಂಡವರೇ. ಎಷ್ಟು ಹೊತ್ತಿಗೆ ನೋವು ಬಂತು, ವಾಂತಿಯಿತ್ತೋ ಇಲ್ಲವೋ ಎಂದು ವಾರ್ಡಿನ ನರ್ಸನ್ನು ಒಂದು ಮಾತು ಕೇಳಲು ಒಬ್ಬರಿಗಾದರೂ ತೋಚಬಾರದಿತ್ತೇ? ವಾಂತಿ ಒಬ್ಬರಿಗೂ ಇರಲಿಲ್ಲ. ಆದರೆ ಬೆರಳಿಗೆ ಸುತ್ತಿದ ಬಟ್ಟೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಸಂಜೆಯೊಳಗೆ ಅವಳ ಕೈಗೆ ಕಾಗದ ಕೊಟ್ಟು ಮನೆಗೆ ಕಳಿಸಿದರು.

ಆ ಕಾಗದ ಓದಿದ ಅವಳ ಅತ್ತೆ, ಈ ಕೈ ನಮ್ಮ ಒಲೆಯ ಹತ್ತಿರ ಬರುವುದು ಬೇಡ ಎಂದರು. ಅವಳು ಎದುರಾಡಲಿಲ್ಲ, ಯಾಕೆಂದರೆ ಅವಳೂ ಅದನ್ನೇ ನಂಬಿದ್ದಳು. ರಟ್ಟಿನ ಪೆಟ್ಟಿಗೆ ಮಡಿಸುವ ಕಾರ್ಖಾನೆಗೆ ಸೇರಿದಳು. ಕೈ ತೊಳೆದೂ ತೊಳೆದೂ ಬೆರಳ ಸಂದಿಗಳೆಲ್ಲ ಒಡೆದು ಕೆಂಪಾಗಿದ್ದವು. ಆಗ ನಾಲ್ಕು ವರ್ಷದವಳಿದ್ದ ಮಗಳು ಈಗ ಹದಿನೈದರ ಹುಡುಗಿ. ಅತ್ತೆ ತೀರಿಕೊಂಡು ಮೂರು ವರ್ಷವಾದರೂ ಆ ಮನೆಯಲ್ಲಿ ಒಲೆ ಹಚ್ಚುವವಳು ಮಗಳೇ.

ಮುಚ್ಚಳದಣ್ಣನಿಗೆ ಪುಸ್ತಕ ಸುಳ್ಳಾಗಲಿ ಎನ್ನಿಸಿತು. ಅದನ್ನು ಸುಳ್ಳು ಮಾಡಿಯೇ ತೀರುತ್ತೇನೆಂದು ರಜೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಅಡುಗೆಮನೆಗೆ ಹೋದ. ಅದೇ ಅರವತ್ತು ಲೀಟರಿನ ಪಾತ್ರೆಯಲ್ಲಿ ಅಷ್ಟೇ ನೀರಿಗೆ ಹಿಟ್ಟು ಕದಡಿ, ಅಷ್ಟೇ ಗಟ್ಟಿಯಾಗುವ ಹಾಗೆ ಕುದಿಸಿ ಬೆಳಗ್ಗೆ ಆರಕ್ಕೆ ಇಳಿಸಿದ. ಮುಚ್ಚಳ, ಬಟ್ಟೆ, ದಾರ. ಕ್ಲಾಸಿಗೆಂದು ಕೊಂಡಿದ್ದ ಕಡ್ಡಿಯ ಥರ್ಮಾಮೀಟರನ್ನು ಗಂಟೆಗೊಮ್ಮೆ ಸಂದಿಯಲ್ಲಿ ಇಳಿಬಿಟ್ಟು ನೋಡುತ್ತಾ ಸ್ಟೂಲಿನ ಮೇಲೆ ಕೂತ. ಊಟಕ್ಕೂ ಏಳಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಅರವತ್ತೆರಡು ಡಿಗ್ರಿ. ಸಂಜೆ ಆರಕ್ಕೆ, ಅಂದರೆ ಪೂರ್ತಿ ಹನ್ನೆರಡು ಗಂಟೆಯ ಮೇಲೆ, ನಲವತ್ತನಾಲ್ಕು. ಆ ಜೀವಿ ಎಲ್ಲಕ್ಕಿಂತ ವೇಗವಾಗಿ ಬೆಳೆಯುವ ಶಾಖ ನಲವತ್ತಮೂರರಿಂದ ನಲವತ್ತೇಳು ಎಂದು ಪುಸ್ತಕದಲ್ಲಿತ್ತು. ಎರಡಂಗುಲ ಆಳದ ಅಗಲ ತಟ್ಟೆಗಳಿಗೆ ಸುರಿದು ತೆರೆದಿಟ್ಟು, ಆಮೇಲೆ ಫ್ರಿಜ್ಜಿಗೆ ಸೇರಿಸಿದ್ದರೆ ಸಾಕಿತ್ತು ಎಂದೂ ಅದೇ ಪುಟದಲ್ಲಿತ್ತು. ಮುಚ್ಚಳ ತೆಗೆದಾಗ ಹಬೆ ಅವನ ಮುಖಕ್ಕೆ ಬಡಿಯಿತು. ಅವನು ಅಲ್ಲೇ ಕೂತು ಅತ್ತ.

ಹೆಂಡತಿಗೆ ಹೇಳಿದ. ಅವಳು ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಬಟ್ಟೆ ಮಡಿಸುತ್ತಾ, ಅವನ ಮುಖ ನೋಡದೆ ಹೇಳಿದಳು:

"ಅವಳಿಗೆ ನೀವೇ ಹೋಗಿ ಹೇಳಿ. ಇದನ್ನ ನಾನು ಹೊತ್ಕೊಂಡು ಹೋಗಲ್ಲ."

ಬರಿಗೈಯಲ್ಲಿ ಹೋಗಲು ಅವನಿಗೆ ಧೈರ್ಯ ಸಾಲಲಿಲ್ಲ. ಮೊದಲು ಅವಳ ಹೆಸರಿಗೆ ಅಂಟಿದ ಮಸಿ ಕಾಗದದ ಮೇಲೆ ಅಳಿಯಬೇಕು, ಆ ಕಾಗದ ಹಿಡಿದು ಅವಳ ಬಾಗಿಲಿಗೆ ಹೋಗಬೇಕು ಎಂದುಕೊಂಡ. ಪ್ರಾಜೆಕ್ಟಿಗೆ ಬೇರೆಯವರು ಇಲಿ, ಜಿರಳೆ, ಕೈಗವಸು ಎಂದು ಆರಿಸಿಕೊಂಡರೆ ಇವನು ಆ ಸೂಪನ್ನೇ ಬರೆದ. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ, ಗಂಟೆಗಂಟೆಯ ಶಾಖ, ಒಂಬತ್ತು ಜನ, ದರ್ಜಿ, ಹೆಬ್ಬೆರಳು, ಏನೂ ಬಿಡದೆ ಬರೆದ. ಪ್ರಶ್ನೆ ಕೇಳುವ ದಿನ ಮೇಡಂ ಅದನ್ನು ಮುಂದಿಟ್ಟುಕೊಂಡು, ಈ ಅಡುಗೆಯವರು ಯಾರೆಂದು ಗೊತ್ತೇ ಎಂದು ಕೇಳಿದರು. ನಾನೇ ಎಂದ. ಅವರು ಪೆನ್ನು ಕೆಳಗಿಟ್ಟರು.

"ನಿಮಗೆ ಆಗ ಯಾರೂ ಹೇಳಿಕೊಟ್ಟಿರ್ಲಿಲ್ಲ ಅಲ್ವಾ" ಎಂದರು.

"ಅವಳಿಗೂ ಯಾರೂ ಹೇಳಿಕೊಟ್ಟಿರ್ಲಿಲ್ಲ ಮೇಡಂ. ಆದ್ರೆ ಮನೆಗೆ ಕಳಿಸಿದ್ದು ಅವಳನ್ನ."

ಆ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಅವನಿಗೇ ಬಂತು. ನಾದಿನಿಯ ಹೆಸರನ್ನು ಸರಿಪಡಿಸುವುದು ಹೇಗೆ ಎಂದು ಕೇಳಿದಾಗ, ಅದು ನಮ್ಮ ಕೈಯಲ್ಲಿಲ್ಲ, ನಿಮ್ಮ ಆಸ್ಪತ್ರೆಯಲ್ಲಿ ಕೇಳಿ ಎಂದರು ಮೇಡಂ. ಮ್ಯಾನೇಜರು ಪ್ರಾಜೆಕ್ಟನ್ನು ಹಾಳೆ ತಿರುವಿ ನೋಡಿ ವಾಪಸ್ಸು ಕೊಟ್ಟರು. ಏಳು ವರ್ಷ ದಾಟಿದ ಕಡತವನ್ನೆಲ್ಲ ಹರಿದು ಹಾಕುತ್ತೇವೆ, ತಿದ್ದುವುದಕ್ಕೆ ಈಗ ಏನೂ ಇಲ್ಲ, ಹಳೆಯದನ್ನು ಕೆದಕಬೇಡಿ ಎಂದರು. ಬಯ್ಯಲೂ ಇಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಸರ್ಟಿಫಿಕೇಟಿಗೆ ಗಾಜಿನ ಚೌಕಟ್ಟು ಹಾಕಿಸಿ, ಅಡುಗೆಮನೆಯ ಗೋಡೆಗೆ ತೂಗುಹಾಕಿಸಿ, ಸಿಬ್ಬಂದಿಯಿಂದ ಚಪ್ಪಾಳೆ ತಟ್ಟಿಸಿದರು.

ಭಾನುವಾರ ಬೆಳಗ್ಗೆ ಅವನು ನಾದಿನಿಯ ಮನೆಗೆ ಹೋದ. ಕೈಯಲ್ಲಿದ್ದದ್ದು ಆ ಪ್ರಾಜೆಕ್ಟು ಮಾತ್ರ. ಅವಳು ಹೊರಕೋಣೆಯ ಬೆಂಚಿನ ಮೇಲೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಒಳಗೆ ಮಗಳು ಪಾತ್ರೆ ತೊಳೆಯುವ ಸದ್ದು. ಕ್ಷೇಮಸಮಾಚಾರ ಒಂದೂ ಕೇಳದೆ ಅವನು ಮೊದಲ ಪುಟದಿಂದ ಓದಲು ಹಿಡಿದ. ನಲವತ್ತನಾಲ್ಕು ಡಿಗ್ರಿಗೆ ಬಂದಾಗ ಅವಳ ಸೂಜಿ ನಿಂತಿತು. ಅವನು ಓದಿ ಮುಗಿಸಿ, ತಪ್ಪು ನಂದೇ ಕಣಮ್ಮ, ನಿನ್ನ ಕೈಯದಲ್ಲ ಎಂದ. ಅವಳು ಹೊಲಿಗೆಯಿಂದ ಕಣ್ಣೆತ್ತದೆ ಕೇಳಿದಳು:

"ಅವತ್ತೇ ಇದು ಗೊತ್ತಿದ್ದಿದ್ರೆ ಹೇಳ್ತಿದ್ರಾ ಭಾವ?"

ಹೇಳುತ್ತಿದ್ದೆ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಬೆನ್ನು ತಟ್ಟಿದ ಆ ಮೂವರು ನೆನಪಾದರು. ಅವತ್ತು ತನಗಿದ್ದ ಹೆಸರು, ಚಿಕ್ಕ ಮಕ್ಕಳು, ಎಲ್ಲ ನೆನಪಾಯಿತು.

"ಗೊತ್ತಿಲ್ಲ" ಎಂದ.

ಅವಳು ತಲೆಯಾಡಿಸಿದಳು. ಸಿಟ್ಟಾಗಲಿಲ್ಲ. ಮಗಳಿಗೆ ನಾಲ್ಕು ತುಂಬಿದ ಮೇಲೆ ತಾನು ಒಂದು ತುತ್ತೂ ಕೈಯಾರೆ ಉಣಿಸಿಲ್ಲ, ಜ್ವರ ಬಂದು ಮಲಗಿದಾಗಲೂ ಪಕ್ಕದ ಮನೆಯವರನ್ನು ಕರೆದು ಗಂಜಿ ಕುಡಿಸಿದ್ದೆ ಎಂದಳು. ಅಷ್ಟು ಹೇಳಿ ದಾರವನ್ನು ಹಲ್ಲಿನಲ್ಲಿ ಕಡಿದು, ಒಳಗೆ ತಿರುಗಿ, ಮಗಳೇ, ದೊಡ್ಡಪ್ಪನಿಗೆ ಒಂದು ಲೋಟ ನೀರು ಕೊಡು ಎಂದಳು.

ಅವನು ಅಲ್ಲಿಂದಲೇ ಹುಡುಗಿಗೆ ಬೇಡವೆಂದು ಹೇಳಿದ. ಆಮೇಲೆ ನಾದಿನಿಯ ಕಡೆ ತಿರುಗಿ, "ನೀನೇ ಕೊಡು. ನಿನ್ನ ಕೈಯಿಂದಲೇ ಕುಡೀತೀನಿ" ಎಂದ.

ಅವಳು ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ನೋಡಿದಳು. ಏಳಲು ಒಮ್ಮೆ ಸೊಂಟವೆತ್ತಿದಳು, ಮತ್ತೆ ಕೂತಳು.

"ನನಗೆ ಅರ್ಥ ಆಯ್ತು ಭಾವ. ಈ ಕೈಗೆ ಅರ್ಥ ಆಗಲ್ಲ."

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಗಳು ನೀರು ತಂದುಕೊಟ್ಟಳು. ಲೋಟದ ಮೇಲೆ ಒಂದು ಪುಟ್ಟ ತಟ್ಟೆ ಮುಚ್ಚಿತ್ತು. ಅವನು ಅದನ್ನು ತೆಗೆದಿಟ್ಟು ನೀರು ಕುಡಿದ.