‘ಸದ್ಯಕ್ಕೆ’ ಅಂತ ಬರೆದ ಸಾಲು

ಚೀಟಿಯಕ್ಕನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ತಗಡು ಒತ್ತುವ ಆ ಕಾರ್ಖಾನೆಯಲ್ಲಿ ಅವಳ ಬಾಯಿಗೆ ಸಿಕ್ಕಿ ಬೆವರಿಳಿಸಿಕೊಳ್ಳದವರಿಲ್ಲ. ಒಮ್ಮೆ ಕರೆಂಟಿನ ಡಬ್ಬಿಯ ಮುಚ್ಚಳ ತೆಗೆದು ಹಾಗೇ ಊಟಕ್ಕೆ ಹೋಗುತ್ತಿದ್ದ ಎಲೆಕ್ಟ್ರಿಷಿಯನ್ ಮೇಲೆ ಸ್ಪ್ಯಾನರ್ ಬೀಸಿ ಒಗೆದಳು. ಅದು ಅವನ ಕಿವಿಯ ಪಕ್ಕದಲ್ಲೇ ಹೋಗಿ ಗೋಡೆಗೆ ಬಡಿದು ಗಾರೆ ಉದುರಿತು. ಆಮೇಲೆ ತಣ್ಣಗೆ ಕೂತು ಕಂಪ್ಯೂಟರಿನಲ್ಲಿ ಬರೆದಳು: ‘ಇವತ್ತು ಸ್ಪ್ಯಾನರ್ ಎಸೆದೆ. ತಪ್ಪು ನನ್ನದೂ ಇದೆ.’ ಹೀಗೆ ಎಲ್ಲವನ್ನೂ, ತನ್ನ ತಪ್ಪನ್ನೂ ಬಿಡದೆ ಬರೆದಿಡುತ್ತಿದ್ದುದಕ್ಕೇ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು.

ಈ ಚಟ ಹತ್ತಿಸಿದ್ದು ಅವಳ ಅಪ್ಪ. ಅಯ್ಯೋ, ಕೂರಿಸಿಕೊಂಡು ಅಕ್ಷರ ತಿದ್ದಿಸಿದ ಅಂದುಕೊಳ್ಳಬೇಡಿ. ಬೆಲ್ಟಿನಿಂದ ಬಾರಿಸುತ್ತಿದ್ದ. ಅವಳಿಗೆ ಬೀಳುತ್ತಿದ್ದುದಕ್ಕಿಂತ ಹೆಚ್ಚು ಅವಳ ತಮ್ಮನಿಗೆ ಬೀಳುತ್ತಿತ್ತು. ಮಾರನೆಯ ದಿನ ಕೇಳಿದರೆ, “ನಾನ್ಯಾವಾಗ ಹೊಡ್ದೆ? ಕನಸು ಗಿನಸು ಕಂಡ್ಯೇನೇ?” ಎನ್ನುತ್ತಿದ್ದ. ಅದನ್ನೇ ಕೇಳಿ ಕೇಳಿ, ಬೆನ್ನ ಮೇಲೆ ಬಾಸುಂಡೆ ಇದ್ದರೂ, ಮಕ್ಕಳಿಗೇ ಅನುಮಾನ ಬರತೊಡಗಿತು. “ಹೊಡ್ದಿಲ್ವೇನೋ ಅಕ್ಕ” ಎಂದು ತಮ್ಮ ಅಂದ ದಿನ ಅವಳು ಬೀರುವಿನ ಬಾಗಿಲ ಒಳಗಡೆ ಪೆನ್ಸಿಲಿನಿಂದ ಬರೆಯಲು ಶುರುಮಾಡಿದಳು: ಯಾವತ್ತು, ಯಾರಿಗೆ, ಎಷ್ಟು ಏಟು. ಅಪ್ಪ ಒಂದು ದಿನ ಅದನ್ನು ಕಂಡ. ಒದ್ದೆ ಬಟ್ಟೆಯಿಂದ ಪೂರಾ ಒರೆಸಿ, ಅವಳ ತಲೆಯನ್ನು ಅದೇ ಬಾಗಿಲಿಗೆ ಚಚ್ಚಿದ. ಹುಬ್ಬಿನ ಮೇಲೆ ಗುರುತು ಇವತ್ತಿಗೂ ಇದೆ.

ದೊಡ್ಡವಳಾಗಿ, ತಗಡು ಒತ್ತುವ ಪ್ರೆಸ್ಸುಗಳನ್ನು ನಡೆಸುವ ಪ್ರೋಗ್ರಾಂ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಅವಳು ಮನಸೋತದ್ದು ಒಂದಕ್ಕೇ. ಪ್ರೋಗ್ರಾಮಿನಲ್ಲಿ ಒಂದು ಅಂಕಿ ಬದಲಿಸಿದರೂ ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬುದು ಒಂದು ನಂಬರಿನ ಜೊತೆ ಅದರ ಇತಿಹಾಸದಲ್ಲಿ ಕೂತುಬಿಡುತ್ತಿತ್ತು. ಅಳಿಸಿದರೆ ಅಳಿಸಿದ್ದೂ ಕೂರುತ್ತಿತ್ತು. ಒದ್ದೆ ಬಟ್ಟೆಗೆ ಜಗ್ಗದ ಬಾಗಿಲು ಸಿಕ್ಕಿತಲ್ಲ! ತನ್ನ ದಿನದ ಟಿಪ್ಪಣಿಗಳನ್ನೂ ಅವಳು ಅಲ್ಲೇ ಇಟ್ಟಳು. ಬಣ್ಣವಿಲ್ಲ, ಅಲಂಕಾರವಿಲ್ಲ, ಬರೀ ಅಕ್ಷರದ ಫೈಲುಗಳು. ಪ್ರತಿ ಟಿಪ್ಪಣಿಯ ಮೇಲೆ ಬದಲಾವಣೆಯ ನಂಬರು, ಪ್ರತಿ ಬದಲಾವಣೆಯ ಪಕ್ಕದಲ್ಲಿ ಟಿಪ್ಪಣಿಯ ಹೆಸರು. ಒಂದನ್ನು ಹಿಡಿದರೆ ಇನ್ನೊಂದು ಸಿಗಲೇಬೇಕು.

“ಇಷ್ಟೆಲ್ಲ ಬರ್ದು ಯಾರಿಗೆ ತೋರಿಸ್ತೀಯಕ್ಕ?” ಎಂದು ತಮ್ಮ ರೇಗಿಸುತ್ತಿದ್ದ. ಅವನೂ ಅದೇ ಕಾರ್ಖಾನೆಯಲ್ಲಿ ಎರಡನೇ ಪ್ರೆಸ್ಸು ನಡೆಸುತ್ತಿದ್ದ.

“ಹೊಡ್ದಿಲ್ಲ ಅನ್ನೋರಿಗೆ ಕಣೋ.”

ಆ ಪ್ರೆಸ್ಸಿಗೆ ಒಂದು ‘ಕಣ್ಣು’ ಇತ್ತು. ಕೈ ಅಡ್ಡ ಬಂದರೆ ಯಂತ್ರವನ್ನು ತಟ್ಟನೆ ನಿಲ್ಲಿಸುವ ಬೆಳಕಿನ ಸಾಲು ಅದು. ಎಣ್ಣೆಯ ಹೊಗೆ ಎದ್ದರೂ ಕೈಯೇ ಬಂತೆಂದು ನಿಲ್ಲಿಸುತ್ತಿತ್ತು. ಮಾಲು ತಡವಾಗುತ್ತಿದೆಯೆಂದು ಸೂಪರ್‌ವೈಸರ್ ಬಂದು ಅವಳ ಮೇಜಿಗೆ ಗುದ್ದಿದ.

“ಕಣ್ಣು ಏನಾದ್ರೂ ಕಾಣ್ಲಿ, ಮೊದಲ ಅರ್ಧ ಸೆಕೆಂಡು ಪ್ರೆಸ್ಸು ನಿಲ್ಲಬಾರ್ದು. ಹಂಗೆ ಮಾಡು.”

“ಯಾರ್ದಾದ್ರೂ ಕೈ ಹೋಗುತ್ತೆ ಸಾರ್.”

“ಕೈ ಹೋಗೋದು ಯಾವತ್ತೋ. ನಿನ್ನ ಕೆಲಸ ಈಗ್ಲೇ ಹೋಗುತ್ತೆ. ನಿನ್ನ ತಮ್ಮಂದೂ.”

ಯಾರ ಬಾಯಿಗೂ ಸೋಲದವಳು ಅವತ್ತು ಹೆದರಿದಳು. ಬದಲಿಸಿದಳು. ನಂಬರು ನಾನೂರ ಹನ್ನೆರಡು. ಕಾರಣದ ಜಾಗದಲ್ಲಿ ಒಂದೇ ಪದ ಬರೆದಳು: ‘ಸದ್ಯಕ್ಕೆ’. ಟಿಪ್ಪಣಿಯಲ್ಲಿ ಯಾರು ಹೇಳಿದರು, ಎಷ್ಟು ಗಂಟೆಗೆ, ಏನೆಂದು ಹೆದರಿಸಿದರು ಎಲ್ಲವನ್ನೂ ಇಟ್ಟಳು. ತಮ್ಮನಿಗೆ ಮಾತ್ರ ಹೇಳಲಿಲ್ಲ. ಅವನು ಜಗಳಕ್ಕೆ ನಿಂತು ಕೆಲಸ ಕಳೆದುಕೊಂಡಾನು ಎಂದು. ಮಾಲು ಹೋದಮೇಲೆ ಸರಿಮಾಡೋಣ ಅಂದುಕೊಂಡಳು. ಒಂದೆರಡು ಸೋಮವಾರ ನೆನಪಾಯಿತು, ಆಮೇಲೆ ಮರೆತೇಹೋಯಿತು.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ, ವಾರೆಯಾಗಿ ಕೂತ ತಗಡನ್ನು ಸರಿಸಲು ತಮ್ಮ ಬಲಗೈ ಒಳಗೆ ಹಾಕಿದ. ಪ್ರೆಸ್ಸು ಇಳಿಯಿತು. ಅವನ ಕೂಗು ಅಷ್ಟು ಯಂತ್ರಗಳ ಸದ್ದನ್ನೂ ಸೀಳಿಕೊಂಡು ಅವಳ ಕೋಣೆಗೆ ಬಂತು. ಅವಳು ಓಡಿಬಂದಾಗ ನಾಲ್ಕು ಬೆರಳು ತಗಡಿನ ಜೊತೆ ಒಂದೇ ಆಗಿ ಅಚ್ಚೊತ್ತಿದ್ದವು. ಹೆಬ್ಬೆರಳೊಂದೇ ಉಳಿದು ಅದುರುತ್ತಿತ್ತು. ಅವಳು ತನ್ನ ದುಪಟ್ಟಾ ಹರಿದು ಅವನ ಮುಂಗೈ ಬಿಗಿದಳು, ಅವನು ನೋವಿಗೆ ಅವಳ ಭುಜ ಕಚ್ಚಿದ.

ಸೂಪರ್‌ವೈಸರ್ ಸಂಜೆಯೊಳಗೆ ಗೂಬೆಯನ್ನು ತಮ್ಮನ ತಲೆ ಮೇಲೆ ಕೂರಿಸಿಬಿಟ್ಟ. ರಿಪೇರಿಯವರು ಕಣ್ಣನ್ನು ಬಂದ್ ಮಾಡಲು ಬಳಸುವ ಕೀಲಿಯನ್ನು ಅವನೇ ತಿರುಗಿಸಿದ್ದನಂತೆ. ಗುರುವಾರ ವಿಚಾರಣೆ ಎಂದಾಯಿತು. ತಪ್ಪು ಅವನದೇ ಅಂತ ತೀರ್ಮಾನವಾದರೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ.

ಮಾರನೆಯ ದಿನ ಅವಳು ಕಂಪ್ಯೂಟರ್ ತೆರೆದಳು. ನಾನೂರ ಹನ್ನೆರಡರ ಟಿಪ್ಪಣಿ ಇರಲಿಲ್ಲ. ಸೂಪರ್‌ವೈಸರ್ ಹಿಂದೆಯೇ ನಿಂತಿದ್ದ.

“ಏನು ಹುಡುಕ್ತಿದೀಯಮ್ಮ?”

“ನೀವು ಅಳಿಸಿದ್ದನ್ನ. ಅಳಿಸಿದ್ದೂ ಬರ್ದಿದೆ ಸಾರ್, ನಿಮ್ಮ ಹೆಸರಲ್ಲೇ. ಇವತ್ತು ಬೆಳಿಗ್ಗೆ ಎಂಟೂ ಹತ್ತಕ್ಕೆ.”

ಅವನು ಕೀಬೋರ್ಡ್ ಕಿತ್ತುಕೊಂಡು ಅವಳ ಮುಖಕ್ಕೆ ಬಾರಿಸಿದ. ಮುಂದಿನ ಹಲ್ಲೊಂದು ಮುರಿಯಿತು. ಅವಳೇನು ಸುಮ್ಮನಿರುವವಳೇ? ಕುರ್ಚಿಯನ್ನೇ ಎತ್ತಿ ಅವನ ಮೊಣಕಾಲಿಗೆ ಹಾಕಿದಳು. ಅವನು ಕುಂಟುತ್ತಾ ಬಾಗಿಲು ಹಿಡಿದು ನಕ್ಕ.

“ತೆಗ್ದು ತೋರ್ಸು ಹೋಗು. ನಾನೂರ ಹನ್ನೆರಡು ತೆಗೆದ್ರೆ ಮಾಡಿದ್ದು ಯಾರು ಅಂತ ಬರುತ್ತೆ? ಆಮೇಲೆ ನಿನ್ನ ತಮ್ಮ ನಿನ್ನ ಮುಖ ನೋಡ್ತಾನಾ?”

ಅಷ್ಟೇ, ತೆರೆದಿದ್ದ ಇತಿಹಾಸವನ್ನು ಅವಳು ಮುಚ್ಚಿಬಿಟ್ಟಳು. ಅವಳಿಗೆ ಇದ್ದವನು ತಮ್ಮನೊಬ್ಬನೇ. ಜೈಲಿಗೆ ಅವಳು ಹೆದರಲಿಲ್ಲ, ಅವನ ಕಣ್ಣಿಗೆ ಹೆದರಿದಳು. ಬುಧವಾರದವರೆಗೂ ಬಾಯಿಗೆ ಬೀಗ ಹಾಕಿಕೊಂಡು ಆಸ್ಪತ್ರೆಯಲ್ಲಿ ಅವನಿಗೆ ತುತ್ತು ತಿನ್ನಿಸಿದಳು. ಸುಳ್ಳು ಹೇಳದೆ ಸುಮ್ಮನಿದ್ದರೆ ಸಾಲದೇ ಎಂದು ತನಗೇ ಸಮಾಧಾನ ಹೇಳಿಕೊಂಡಳು.

ಬುಧವಾರ ಮಧ್ಯಾಹ್ನ ತಮ್ಮ ತುತ್ತು ನುಂಗದೆ ಅವಳನ್ನು ನೋಡಿದ. “ಅಕ್ಕ, ನಾನು ಕೀಲಿ ಮುಟ್ಟಿಲ್ಲ.” ಕಟ್ಟಿದ ಕೈ ನೋಡಿಕೊಂಡು, “ಎಲ್ರೂ ಮುಟ್ಟಿದೀಯ ಅಂತಾರೆ. ಮುಟ್ಟಿದ್ನೇನೋ,” ಎಂದ.

“ಹೊಡ್ದಿಲ್ವೇನೋ ಅಕ್ಕ” ಎಂದಿದ್ದ ಅದೇ ಹುಡುಗನ ದನಿ ಅದು.

ಗುರುವಾರ ಕಾರ್ಖಾನೆಯ ಸಭೆಯ ಕೋಣೆಯಲ್ಲಿ ವಿಚಾರಣೆಗೆ ಬಂದ ಅಧಿಕಾರಿ, ಪ್ರತಿ ಮಾತನ್ನೂ ಬರೆದುಕೊಳ್ಳುವ ಗುಮಾಸ್ತ, ಸೂಪರ್‌ವೈಸರ್, ಕೈಗೆ ಬಿಳಿ ಗಂಟು ಕಟ್ಟಿಸಿಕೊಂಡ ತಮ್ಮ. ಚೀಟಿಯಕ್ಕ ಇತಿಹಾಸ ತೆರೆದು, ಅಳಿಸಿದ ಟಿಪ್ಪಣಿಯನ್ನು ಮತ್ತೆ ತೆಗೆದು ಓದಿದಳು. ಹೇಳಿದವನ ಹೆಸರು ಓದಿದಳು, ಅಳಿಸಿದವನ ಹೆಸರು ಓದಿದಳು. ಸೂಪರ್‌ವೈಸರನ ಮುಖದ ನೀರಿಳಿಯಿತು.

“ಬದಲಾಯ್ಸಿದ್ದು ಯಾರಮ್ಮ?” ಎಂದು ಅಧಿಕಾರಿ ಕೇಳಿದರು.

“ನಾನು.”

“ಕಾರಣ ‘ಸದ್ಯಕ್ಕೆ’ ಅಂತಿದೆ. ಸದ್ಯಕ್ಕೆ ಅಂದ್ರೆ ಎಷ್ಟು ದಿನ?”

“ಎಂಟು ತಿಂಗಳು ಹತ್ತು ದಿನ ಸಾರ್. ಇವನ ಬೆರಳು ಹೋಗೋವರೆಗೂ.”

ತಮ್ಮ ಎದ್ದು ಬಂದ. ಎಡಗೈ ಎತ್ತಿ ಅವಳ ಕೆನ್ನೆಗೆ ಬಾರಿಸಿದ. ಮತ್ತೊಮ್ಮೆ ಬಾರಿಸಿದ. ಮುರಿದ ಹಲ್ಲಿನ ಜಾಗದಿಂದ ಮತ್ತೆ ರಕ್ತ ಬಂತು. ಸ್ಪ್ಯಾನರ್ ಎಸೆದವಳು, ಕುರ್ಚಿ ಎತ್ತಿದವಳು ಕೈ ಕೂಡ ಅಡ್ಡ ತರಲಿಲ್ಲ. ಇಬ್ಬರು ಬಂದು ಅವನನ್ನು ಹಿಡಿದು ಕೂರಿಸಿದರು. ಅವನು ಗೋಡೆಯ ಕಡೆ ತಿರುಗಿ ಅಳುತ್ತಿದ್ದ.

ಗುಮಾಸ್ತ ಪೆನ್ನು ಹಿಡಿದು ಅಧಿಕಾರಿಯ ಮುಖ ನೋಡಿದ. “ಇದನ್ನೂ ಬರ್ಕೊಳ್ಳಲಾ ಸಾರ್? ಹೊಡೆದದ್ದು?”

“ಯಾರು ಹೊಡೆದ್ರು?” ಎಂದಳು ಚೀಟಿಯಕ್ಕ, ತೋಳಿನಿಂದ ಬಾಯಿ ಒರೆಸಿಕೊಳ್ಳುತ್ತಾ. “ಯಾರೂ ಹೊಡ್ದಿಲ್ಲ. ಅದನ್ನ ಬರೀಬೇಡಿ.”