ಸ್ಮಶಾನದ ಗೋಡೆಯ ಡೊಂಕು

“ಕೂಸು ಸತ್ತ ಸಂಕಟದಾಗ ಮರಿಯವ್ವಗ ದೇವರ ಮ್ಯಾಲೆ ಸಿಟ್ಟು ಬಂತು, ಅದಕ್ಕ ಚರ್ಚ್ ಬಿಟ್ಟಳು.” ನನ್ನ ಅಕ್ಕನ ವಿಷಯದಲ್ಲಿ ಸೊಲ್ಲಾಪುರದಿಂದ ಅಕ್ಕಲಕೋಟದವರೆಗಿನ ನಮ್ಮ ಕಥೋಲಿಕ ಮನೆಗಳಲ್ಲಿ ಚಲಾವಣೆಯಲ್ಲಿರುವ ಇತಿಹಾಸ ಇಷ್ಟೇ. ಚಿಕ್ಕದು, ಅಚ್ಚುಕಟ್ಟಾದುದು, ಯಾರಿಗೂ ತೊಂದರೆ ಕೊಡದಂಥದು. ಇಂಥ ಇತಿಹಾಸ ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

ಅನುಮಾನ ನನ್ನ ಹಳೆಯ ಕಾಯಿಲೆ. ಶಾಲೆಯನ್ನು ಬೇಗ ಬಿಟ್ಟವನು ನಾನು; ಮುಂದಿನದೆಲ್ಲ ಸೊಲ್ಲಾಪುರದ ಚಾದರ ಕಾರ್ಖಾನೆಯ ಊಟದ ಬಿಡುವಿನಲ್ಲಿ, ಭಜಿ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದಿ ಕೂಡಿಸಿಕೊಂಡದ್ದು. ಹೀಗೆ ಕಲಿತವನಿಗೆ ಒಂದು ದುರಭ್ಯಾಸ ಉಳಿಯುತ್ತದೆ: ಎಣ್ಣೆಯ ಕಲೆಯ ಕೆಳಗೆ ಯಾವ ಅಕ್ಷರವಿತ್ತೆಂದು ಜೀವನವಿಡೀ ಹುಡುಕುತ್ತಿರುತ್ತಾನೆ. ಭಾನುವಾರ ಚರ್ಚಿನಲ್ಲಿ ಫಾದರ್ ಪ್ರಸಂಗ ಮಾಡುವಾಗ ನನ್ನ ಹುಬ್ಬು ತಾನಾಗಿಯೇ ಮೇಲೇರುವುದರಿಂದ ಹೆಂಡತಿ ನನ್ನನ್ನು ಕೊನೆಯ ಬೆಂಚಿಗೆ ಕೂರಿಸುತ್ತಾಳೆ.

ಈ ವರ್ಷ ಅಕ್ಕಲಕೋಟದ ನಮ್ಮ ಸ್ಮಶಾನದ ಗೋಡೆ ಬಿತ್ತು. ಹೊಸದನ್ನು ಕಟ್ಟಿ, ಅದರ ಹೊರಗಿನ ನೆಲದ ಪಟ್ಟಿಗೆ ಮೋಟಾರ್‌ಸೈಕಲ್ ನಿಲ್ಲಿಸಲು ಕಾಂಕ್ರೀಟ್ ಹಾಕಿಸುವುದೆಂದು ಕಮಿಟಿ ತೀರ್ಮಾನಿಸಿತು. ಆ ಪಟ್ಟಿಯಲ್ಲೇ, ಬೇವಿನ ಬುಡದಲ್ಲಿ, ಅಕ್ಕನ ಕೂಸನ್ನು ಹೂಳಿದ್ದಾರೆ. ಗೋಡೆಯನ್ನು ಅಲ್ಲಿ ಒಂದಿಷ್ಟು ಹೊರಕ್ಕೆ ಬಾಗಿಸಿ ಕೂಸನ್ನು ಒಳಗೆ ತೆಗೆದುಕೊಳ್ಳಿರೆಂದು ಕೇಳಿದೆ. ಕಮಿಟಿಯ ಮುಖ್ಯಸ್ಥ ಜೋಸೆಫಪ್ಪ ನಕ್ಕ.

“ಅಂತೂನಕಾಕಾ, ಅದಕ್ಕ ಜ್ಞಾನಸ್ನಾನ ಆಗಿದ್ದಿಲ್ಲ, ಹೊರಗ ಇಟ್ಟಾರ. ನಿಮ್ಮ ಸಲುವಾಗಿ ಗ್ವಾಡಿ ಡೊಂಕ ಮಾಡೂಣೇನು?”

“ಮಾಡು. ನೆಟ್ಟಗಿದ್ದ ಗ್ವಾಡಿ ಬಿತ್ತಲ್ಲಪಾ.”

ಆದದ್ದು ಹೀಗೆ. ನಾವಿನ್ನೂ ಹರೆಯದಲ್ಲಿದ್ದ ಕಾಲ; ಅಕ್ಕ ಅಕ್ಕಲಕೋಟದ ಹತ್ತಿರದ ವಾಗದರಿ ಹಳ್ಳಿಯಲ್ಲಿ ಗೌಡರ ಮನೆಯ ಪಕ್ಕದಲ್ಲಿದ್ದಳು. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸಿನ ಉಸಿರು ಈಗಲೋ ಆಗಲೋ ಎನ್ನುವಂತಿತ್ತು. ಭಾವ ಫಾದರ್‌ರನ್ನು ಕರೆತರಲು ಅಕ್ಕಲಕೋಟಕ್ಕೆ ಓಡಿದ್ದ. ಏಳಲಾಗದ ಅಕ್ಕ, ತನ್ನ ಬಳಿ ಕೂತಿದ್ದ ಗೌಡರ ಸೊಸೆ ನೀಲವ್ವನಿಗೆ ಹೇಳಿದಳು: ಕೂಸಿನ ನೆತ್ತಿಗೆ ನೀರು ಹಾಕು, ನಾನು ಹೇಳಿದಂತೆ ಹೇಳು. ಹಣೆಯ ತುಂಬ ವಿಭೂತಿಯಿದ್ದ ನೀಲವ್ವ “ನನ್ನ ಕೈಲೆ ನಡೀತದೇನವಾ?” ಎಂದು ಒಮ್ಮೆ ಕೇಳಿದಳು, ಆಮೇಲೆ ರೋಜಿ ಎಂಬ ಹೆಸರಿಟ್ಟು, ಪಿತ, ಸುತ, ಪವಿತ್ರಾತ್ಮರ ನಾಮ ಹೇಳಿ ನೀರೆರೆದಳು. ರೋಜಿ ಸ್ವಲ್ಪ ಹೊತ್ತಿನಲ್ಲೇ ಹೋದಳು. ಫಾದರ್ ಊರಲ್ಲಿಲ್ಲದೆ ಅವರ ಬದಲು ಬಂದ, ಊರಿಗೆ ಧರ್ಮಪಾಠ ಹೇಳುವ ಉಪದೇಶಿ ತೀರ್ಪು ಕೊಟ್ಟ: “ಗೌಡ್ತಿ ನೀರು ಹಾಕಿದ್ರ ಜ್ಞಾನಸ್ನಾನ ಆಗ್ತದೇನು? ಅದು ಬರೇ ಜಳಕ.”

ಜ್ಞಾನಸ್ನಾನವಾಗದ ಕೂಸುಗಳಿಗೆ ಸ್ವರ್ಗವೂ ಅಲ್ಲದ, ನರಕವೂ ಅಲ್ಲದ ಒಂದು ನಡುವಣ ಸ್ಥಳವಿದೆಯೆಂದು ಆಗ ನಮಗೆ ಹೇಳುತ್ತಿದ್ದರು. ಈಗ ಹಾಗೆ ನಂಬಲೇಬೇಕೆಂದಿಲ್ಲ, ದೇವರ ಕರುಣೆಯಲ್ಲಿ ಭರವಸೆಯಿಡಿ ಎನ್ನುತ್ತಾರೆ. ಸಂತೋಷ. ಆದರೆ ಆ ಸ್ಥಳದಲ್ಲಿ ಕೂಸುಗಳು ಇರಲೇ ಇಲ್ಲವೆಂದಾದರೆ, ಅಷ್ಟು ಕಾಲ ಅಲ್ಲಿ ವಾಸವಾಗಿದ್ದವರು ತಾಯಂದಿರು. ಅವರನ್ನು ಅಲ್ಲಿಂದ ಕರೆತರುವವರು ಯಾರು?

ಇದಕ್ಕಿಂತ ಮೊಂಡ ಪ್ರಶ್ನೆ ಇನ್ನೊಂದಿತ್ತು. ಉಪದೇಶಿಗೆ ಉಪದೇಶವಾದರೂ ತಿಳಿದಿತ್ತೇ? ಮರಾಠಿಯ ಧರ್ಮೋಪದೇಶದ ಪುಸ್ತಕವನ್ನು ಭೂತಗನ್ನಡಿ ಹಿಡಿದು ಓದಿದೆ. ಪ್ರಾಣಾಪಾಯದ ವೇಳೆ ಯಾರು ಬೇಕಾದರೂ, ತಾವೇ ಜ್ಞಾನಸ್ನಾನ ಪಡೆಯದವರೂ, ಧರ್ಮಸಭೆ ಮಾಡುವುದನ್ನೇ ಮಾಡುವ ಮನಸ್ಸಿನಿಂದ ನೀರೆರೆದು ಆ ಮಾತು ಹೇಳಿದರೆ ಅದು ಸಿಂಧು! ಹೊಸದಾಗಿ ಬಂದಿರುವ ತರುಣ ಫಾದರ್‌ಗೆ ತೋರಿಸಿದೆ. “ಖರೇ ಅದ ಅಜ್ಜಾ. ಇದು ಹೊಸಾದಲ್ಲ, ಆವಾಗೂ ಇತ್ತು,” ಎಂದು ಅವರು ತಲೆ ತಗ್ಗಿಸಿದರು.

ಅಂದರೆ ಅಕ್ಕ ಉಪದೇಶವನ್ನು ಉಪದೇಶಿಗಿಂತ ಗಟ್ಟಿಯಾಗಿ ನಂಬಿದ್ದಳು. ಹಾಗೆ ನಂಬಿದ್ದಕ್ಕೇ ಚರ್ಚಿನಲ್ಲಿ ಕೂರಲಾಗದೆ ಎದ್ದಳು. ಹೊರಗೆ ಹೋದವರಿಗೆಲ್ಲ ವಿಶ್ವಾಸ ಸಾಲದಾಯಿತೆಂಬುದು ಒಳಗೆ ಬೆಂಚು ಹಿಡಿದವರ ಮಾತು. ನಾನೂ ಬೆಂಚು ಹಿಡಿದವನೇ, ಕೊನೆಯದಾದರೂ.

ಫಾದರ್ ಸಾಕ್ಷಿ ಕೇಳಿದರು. ನೀಲವ್ವನನ್ನು ರಿಕ್ಷಾದಲ್ಲಿ ಸ್ಮಶಾನಕ್ಕೆ ಕರೆತಂದೆ. “ಹಲ್ಲು ಬೀಳೂತನಾ ಯಾರೂ ಕೇಳಲಿಲ್ಲ. ಈಗ ನೆನಪಾತೇನು?” ಎಂದು ಜೋಸೆಫಪ್ಪನನ್ನು ಗದರಿಸಿದಳು. ಆಮೇಲೆ ಅಂದು ನೀರೆರೆಯುವಾಗ ಆಡಿದ ಮಾತುಗಳನ್ನು ತಪ್ಪಿಲ್ಲದೆ ಹೇಳಿದಳು. ಜೋಸೆಫಪ್ಪ ಗೋಡೆ ಕಟ್ಟುವ ಗವಂಡಿಯನ್ನು ಕರೆದು, ಹೊಸ ಗೋಡೆಗೆಂದು ಎಳೆದಿದ್ದ ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸಿ ಬೇವಿನ ಆಚೆಗೆ ಹೊಸದನ್ನು ಹಾಕಿಸಿದ.

ಗೋಡೆ ಮುಗಿದ ದಿನ ಅಕ್ಕ ಬಂದಳು. ಇನ್ನು ಭಾನುವಾರ ನನ್ನ ಪಕ್ಕದಲ್ಲಿ ಅವಳು ಕೂರುತ್ತಾಳೆಂದು ನಾನು ಮನಸ್ಸಿನಲ್ಲೇ ಬೆಂಚಿನ ಧೂಳು ಒರೆಸಿಟ್ಟಿದ್ದೆ. ಫಾದರ್ ಕೈಮುಗಿದು, “ಆಜಿ, ಈಗರ ಪೂಜಿಗಿ ಬರ್ರಿ,” ಎಂದರು.

“ಕೂಸು ಒಳಗ ಬಂತು, ಚಲೋ ಆತು. ಅದನ್ನ ಹೊರಗ ಇಟ್ಟಾಗ ನಿಮ್ಮವರು ಒಬ್ಬರರ ಎದ್ದು ನಿಂತಿದ್ರ, ನಾ ಕುಂತಿರತಿದ್ದೆ ಅಪ್ಪಾ.” ಹೀಗೆಂದು ಬೇವಿನ ಬುಡದಲ್ಲಿ ಸ್ವಲ್ಪ ಹೊತ್ತು ನಿಂತು, ಬಸ್ಸಿನ ವೇಳೆಯಾಯಿತೆಂದು ಹೊರಟಳು.

ಭಾನುವಾರ ಆಕೆ ಪೂಜೆಗೆ ಬರಲಿಲ್ಲ. ಆದರೆ ಮೇಲಿನ ಇತಿಹಾಸವನ್ನು ಇನ್ನು ನನ್ನೆದುರು ಯಾರೂ ಹೇಳಿ ಮುಗಿಸಲಾರರು, ನಡುವೆಯೇ ತಡೆಯುತ್ತೇನೆ. ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ವಾಗದರಿಗೆ ಹೋಗಿ, ಗೌಡರ ಮನೆ ಕೇಳಿ. ನೀಲವ್ವ ಕಟ್ಟೆಯ ಮೇಲಿರುತ್ತಾಳೆ. ಕಿವಿ ಮಂದ, ಗಟ್ಟಿಯಾಗಿ ಕೇಳಬೇಕು. ಆ ಕೂಸಿನ ಹೆಸರೇನೆಂದು ಕೇಳಿ. ಆಕೆ ಮೊದಲು ಒಂದು ಪುಟ್ಟ ನೆತ್ತಿಯ ಅಳತೆಗೆ ಅಂಗೈ ಬಾಗಿಸುತ್ತಾಳೆ. ಹೆಸರು ಆಮೇಲೆ ಹೇಳುತ್ತಾಳೆ.